ಮಗಳ ರೋಬೋಟಿಗೆ ನಾ ಹಾಕಿದ ಗಂಟು

ದೋಸ್ತರ, ಇವತ್ತ ಜಮಖಂಡ್ಯಾಗ ಸಾಲಿ ಹುಡುಗರ ರೋಬೋಟ್ ಸ್ಪರ್ಧಾದಾಗ ನನ್ನ ಹೊರಗ ಹಾಕಿದ್ರು!

ಒಂಬತ್ತನೇ ಕ್ಲಾಸಿನ ನನ್ನ ಮಗಳು, ಆಕಿ ಮೂರು ಮಂದಿ ಗೆಳತ್ಯಾರು ಕೂಡಿ ಮಾಡಿದ ರೋಬೋಟ್ ದಾರದಲೆ ಡಬ್ಬಿ ಎತ್ತತಿತ್ತು. ಫೈನಲ್ ನಡದಾಗ ಆ ದಾರ ಪಟ್ಟನ ಹರೀತು. ಬನಹಟ್ಟ್ಯಾಗ ಇಪ್ಪತ್ತು ವರ್ಷ ಮಗ್ಗ ನಡಸಿದ ಕೈರಿ ಇವು. ಎಳಿ ಹರದದ್ದು ಕಂಡ್ರ ಸುಮ್ಮ ಕೂಡಂಗಿಲ್ಲ. ಅಡ್ಡ ಕಟ್ಟಿದ ಹಗ್ಗ ದಾಟಿ ಹೋಗಿ ಗಂಟ ಹಾಕೇಬಿಟ್ನಿ.

“ಅಪ್ಪಾ, ಮುಟ್ಟಬ್ಯಾಡ!” ಅಂತ ಮಗಳು ಚೀರೂದ್ರೊಳಗ ಕೆಲಸ ಮುಗದಿತ್ತು.

“ಪಾಲಕರು ಮುಟ್ಟಿದ್ರ ಹತ್ತು ಅಂಕ ಕಟ್ ರೀ. ನೀವು ಮೊದಲ ಹೊರಗ ನಡೀರಿ,” ಅಂದ್ರು ನಿರ್ಣಾಯಕರು.

ಕಿಡಕ್ಯಾಗಿಂದ ಹಣಿಕಿ ಹಾಕಿ ನೋಡಿದ್ನಿ. ರೋಬೋಟ್ ಉಳಿದ ಡಬ್ಬಿ ಎಲ್ಲಾ ಎತ್ತಿತು, ಗಂಟ ಒಂಚೂರೂ ಸಡಲಲಿಲ್ಲ! ಎರಡನೇ ಬಹುಮಾನ ಬಂತು. ಹೊರಗ ನಾ ಒಬ್ಬನ ಕುಣದ್ನಿ.

ವಾಪಸ್ ಬರೂವಾಗ ಬಸ್ಸಿನ್ಯಾಗ ಮಗಳು ಬಾಜೂಕ ಬಂದು ಕೂತು ಅಂದ್ಲು: “ಅಪ್ಪಾ, ಆ ಗಂಟ ನಮ್ಮ ನಾಕೂ ಮಂದಿಗೆ ಕಲಸು. ಮುಂದಿನ ಸಲ ನೀ ಮನ್ಯಾಗ ಇರು.”

ನನ್ನ ಗಂಟಿಗೆ ಟೀಮಿನ್ಯಾಗ ಜಾಗಾ ಸಿಕ್ಕೇತಿ. ನನಗ ಇಲ್ಲ.