ಬೆನ್ನಿನ ಕಡ್ಡಿಗಳನ್ನು ಎಣಿಸಿದ ಬೆಳಿಗ್ಗೆ

ನಮ್ಮ ಅಕ್ವೇರಿಯಂನ ಸಕ್ಕರ್ ಮೀನನ್ನು ಸಾಯುವ ಸ್ಥಿತಿಗೆ ತಂದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೇಳಿದವರಿಗೆಲ್ಲ ನಾನು ಬಹುಕಾಲ ನೀರಿನ ದೋಷವೆಂದೇ ಹೇಳುತ್ತಿದ್ದೆ.

ತಿಪಟೂರಿನ ಅಂಗಡಿಯೊಂದರಿಂದ ನನ್ನ ಮಡದಿ ಅದನ್ನು ತಂದಾಗ ಅದು ಹೆಬ್ಬೆರಳಿನಷ್ಟಿತ್ತು. “ಗಾಜಿನ ಪಾಚಿ ತಿಂದ್ಕೊಂಡು ಬದುಕುತ್ತೆ ಕಣಮ್ಮ, ಬೇರೆ ಏನೂ ಹಾಕ್ಬೇಡಿ. ಟ್ಯಾಂಕ್ ಎಷ್ಟಿದ್ಯೋ ಅಷ್ಟಕ್ಕೇ ಬೆಳೆಯುತ್ತೆ” ಎಂದು ಅಂಗಡಿಯವನು ಹೇಳಿ ಕಳುಹಿಸಿದ್ದ. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಆಮೇಲಿನದೆಲ್ಲ ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಓದಿದ್ದು. ಹೇಳಿದ್ದನ್ನು ಹೇಳಿದಂತೆಯೇ ನಂಬುವುದು ನನ್ನಿಂದಾಗದು. ಮೂರು ವರ್ಷಗಳಲ್ಲಿ ಮೀನು ಒಂದೂವರೆ ಗೇಣಾಯಿತು. ಅಂಗಡಿಯವನ ಮಾತಿನ ಅರ್ಧ ಅಲ್ಲಿಗೇ ಸುಳ್ಳಾಯಿತು. ಉಳಿದರ್ಧವೂ ಸುಳ್ಳೆಂಬುದು ಅದು ಗಾಜಿಗೆ ಕಚ್ಚಿಕೊಂಡಾಗ ಕಾಣಿಸಿತು. ಬೆನ್ನಿನ ಮೇಲೆ ಹೆಂಚು ಹೊದಿಸಿದಂತೆ ಗಟ್ಟಿ ಫಲಕಗಳು. ಕೆಳಗೆ ಹೊಟ್ಟೆ ಮಾತ್ರ ಗುಳಿಬಿದ್ದಿತ್ತು. ಗಾಜು ಫಳಫಳ ಹೊಳೆಯುತ್ತಿತ್ತು, ಮೀನು ಹಸಿದಿತ್ತು.

ಇಲ್ಲಿಯವರೆಗೆ ನನ್ನ ಅನುಮಾನ ಸರಿಯಾಗಿತ್ತು. ಆದರೆ ಕೊಬ್ಬರಿಯ ಸೀಮೆಯಲ್ಲಿ ಹುಟ್ಟಿದವರಿಗೆ ಒಂದು ನಂಬಿಕೆ ಅಂಟಿಕೊಂಡೇ ಬರುತ್ತದೆ: ಸೊರಗಿದ ಜೀವ ಯಾವುದಾದರೂ ಸರಿ, ತೆಂಗಿನಿಂದ ಚೇತರಿಸಿಕೊಳ್ಳುತ್ತದೆ. ಬಾಣಂತಿಗೆ ಕೊಬ್ಬರಿ, ಹಾಲು ಕೊಡುವ ಎಮ್ಮೆಗೆ ಕೊಬ್ಬರಿ ಹಿಂಡಿ. ಒಂದು ಸಂಜೆ ನಾನು ಗಾಣದಿಂದ ತಂದ ಹಿಂಡಿಯ ದೊಡ್ಡ ತುಂಡೊಂದನ್ನು ಕೈಗೆತ್ತಿಕೊಂಡೆ.

“ಎಣ್ಣೆ ಪಸೆ ಬುಡುತ್ತೆ ಕಣ್ರೀ, ನೀರು ಕೆಡುತ್ತೆ” ಎಂದಳು ಮಡದಿ.

“ನಿನಗೆ ಯಾರು ಹೇಳಿದರು?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಅದನ್ನು ನೀರಿಗೆ ಬಿಟ್ಟೆ.

ಬೆಳಿಗ್ಗೆ ನೀರು ಮಜ್ಜಿಗೆಯಂತಾಗಿತ್ತು. ಮೇಲೆ ಎಣ್ಣೆಯ ಪದರ, ಗಾಳಿ ಕೊಳವೆಯ ಬಾಯಲ್ಲಿ ನೊರೆ. ಜೊತೆಗಿದ್ದ ಎರಡು ಗೋಲ್ಡ್ ಫಿಶ್‌ಗಳು ಸತ್ತು ತೇಲುತ್ತಿದ್ದವು. ಸಕ್ಕರ್ ಮೀನು ಮತ್ತೆ ಮತ್ತೆ ಮೇಲಕ್ಕೆ ಚಿಮ್ಮಿ ಗಾಳಿ ನುಂಗಿ, ಮೊದಲಿಗಿಂತ ನಿಧಾನವಾಗಿ ಕೆಳಗಿಳಿಯುತ್ತಿತ್ತು. ಮಡದಿ ಸತ್ತ ಎರಡನ್ನೂ ಎತ್ತಿ ಹೊರಗೆ ಹಾಕಿದಳು. ಬೈದಿದ್ದರೆ ಹಗುರವಾಗುತ್ತಿತ್ತು.

ಆಗ ಹಾಲಿಗೆಂದು ಬಂದವನು ಪಕ್ಕದ ತೋಟದ ನನ್ನ ಬಾಲ್ಯದ ಗೆಳೆಯ. ಇಣುಕಿ ನೋಡಿ, “ಕೆರೆಗೆ ಬುಟ್ಟುಬುಡ್ಲಾ, ಬದುಕ್ಕಂತದೆ” ಎಂದ. ಮಡದಿಯ ಕಣ್ಣಿನಲ್ಲೂ ಅದೇ ಇತ್ತು.

“ಇದು ಯಾವ ಜಾತಿಯ ಮೀನು ಅಂತ ಗೊತ್ತಾಗದೆ ಬಿಡೋದಿಲ್ಲ” ಎಂದೆ.

“ಜಾತಿ ಕೇಳಾಕೆ ಅದರ ಮನೇಲಿ ಹೆಣ್ಣು ತತ್ತೀಯೇನ್ಲಾ?”

ನಾನು ನಗಲಿಲ್ಲ. ಇಂಥ ಮೀನುಗಳಲ್ಲಿ ಎರಡು ಬಳಗಗಳಿವೆಯೆಂದು ಓದಿದ್ದೆ. ಬೆನ್ನಿನ ಈಜುರೆಕ್ಕೆಯನ್ನು ಎತ್ತಿ ಹಿಡಿಯುವ ಕಡ್ಡಿಗಳು ಎಂಟರೊಳಗಿದ್ದರೆ ಒಂದು ಬಳಗ. ಹತ್ತನ್ನು ಮೀರಿದರೆ ಇನ್ನೊಂದು. ಎರಡೂ ನಮ್ಮ ನೀರಿನವಲ್ಲ. ಆದರೆ ಎರಡನೆಯದು ಕೆರೆಯ ದಡದಲ್ಲಿ ಬಿಲ ತೋಡಿ ಮರಿಮಾಡಿ, ದಡವನ್ನೂ ಕೆರೆಯ ಮೀನುಗಳನ್ನೂ ಹಾಳುಮಾಡುವಂಥದ್ದು. ನಮ್ಮದು ಮಡಿಸಿದ ರೆಕ್ಕೆಯನ್ನು ಎಂದೂ ಪೂರ್ತಿ ಬಿಚ್ಚಿರಲಿಲ್ಲ, ನಾನೂ ಎಣಿಸಿರಲಿಲ್ಲ.

ಬಲೆ ಹಾಕಿ ಎತ್ತಿದೆ. ಅದೂ ತಪ್ಪಾಯಿತು. ಪಕ್ಕದ ರೆಕ್ಕೆಗಳ ಮುಳ್ಳು ಬಲೆಯ ಕಣ್ಣುಗಳಲ್ಲಿ ಸಿಕ್ಕಿಕೊಂಡು, ಮೀನು ಹಲಗೆ ತಿಕ್ಕಿದಂಥ ಸದ್ದು ಮಾಡಿತು. ನಾನು ಬಿಡಿಸಲು ಎಳೆದೆ.

“ಎಳೀಬೇಡ್ರೀ!” ಮಡದಿ ಕೂಗಿ, ಬಲೆಯ ಸಮೇತ ಅದನ್ನು ಅಕ್ವೇರಿಯಂ ನೀರನ್ನೇ ಮೊಗೆದಿಟ್ಟಿದ್ದ ಟಬ್ಬಿಗೆ ಇಳಿಸಿ, ಕತ್ತರಿಯಿಂದ ಒಂದೊಂದೇ ಎಳೆ ಕತ್ತರಿಸಿದಳು. ಕೊನೆಯ ಎಳೆ ತುಂಡಾದಾಗ, ಬೆದರಿದ ಮೀನು ಬೆನ್ನಿನ ರೆಕ್ಕೆಯನ್ನು ಹಾಯಿಯಂತೆ ಎತ್ತಿ ನಿಲ್ಲಿಸಿತು.

“ಹನ್ನೊಂದು ಕಣ್ಲಾ” ಎಂದ ಗೆಳೆಯ. ಮುಂದಿನ ಗಟ್ಟಿ ಮುಳ್ಳನ್ನೂ ಸೇರಿಸಿ ಎಣಿಸಿದಾಗ ನನಗೆ ಹನ್ನೆರಡು ಸಿಕ್ಕಿತು. ಮತ್ತೊಮ್ಮೆ ಬಾಗಿದೆ.

“ಹನ್ನೊಂದೋ ಹನ್ನೆರಡೋ, ಹತ್ತು ಮೀರಿತಲ್ಲ? ಈಗ ಅದನ್ನ ಎಲ್ಲಿ ಬಿಡೋದು, ಅದನ್ನ ಹೇಳಿ” ಎಂದಳು ಮಡದಿ. ಕೆರೆಯ ಮಾತನ್ನು ಮತ್ತಾರೂ ಎತ್ತಲಿಲ್ಲ.

ಕೊಟ್ಟಿಗೆಯ ಮುಂದೆ ಎಮ್ಮೆಗಳು ಕುಡಿಯುವ ಸಿಮೆಂಟ್ ತೊಟ್ಟಿಯಿತ್ತು. ಅದರಲ್ಲಿ ಹಿಂದಿನ ದಿನ ತುಂಬಿಸಿದ ಬೋರ್‌ವೆಲ್ ನೀರಿತ್ತು. ಈ ನೀರು ಅದಕ್ಕೆ ಒಗ್ಗುವುದೇ? ಒಗ್ಗುತ್ತದೆ ಎನ್ನಲು ಬಾಯಿ ತೆರೆದೆ. ಅಂಗಡಿಯವನ ಮಾತನ್ನು ಮೂರು ವರ್ಷ ಶಂಕಿಸಿದವನು ನನ್ನ ಮಾತನ್ನು ಒಂದು ಸಂಜೆಯೂ ಶಂಕಿಸಿರಲಿಲ್ಲವಲ್ಲ ಎನಿಸಿ, ಬಾಯಿಗೆ ಬಂದ ತೀರ್ಮಾನವನ್ನು ನುಂಗಿಕೊಂಡೆ. ತೊಟ್ಟಿಯ ನೀರನ್ನು ಚೊಂಬಿನಲ್ಲಿ ಮೊಗೆದು ಸ್ವಲ್ಪ ಸ್ವಲ್ಪವೇ ಟಬ್ಬಿಗೆ ಬೆರೆಸುತ್ತ ಹೋದೆವು. ಮೀನು ಒಂದು ಪಕ್ಕಕ್ಕೆ ಒರಗಿತ್ತು. ಕಿವಿರು ಆಡುತ್ತಿದೆಯೇ ಎಂದು ಕೇಳಿದರೆ ಮೂವರೂ ಮೂರು ಬಗೆಯಲ್ಲಿ ಹೇಳುತ್ತಿದ್ದೆವು. ಅರ್ಧ ಗಂಟೆಯ ಮೇಲೆ ಟಬ್ಬನ್ನು ತೊಟ್ಟಿಯೊಳಗೇ ಬಾಗಿಸಿದೆವು. ಮೀನು ಕಲ್ಲಿನಂತೆ ತಳ ಸೇರಿತು.

ಮಧ್ಯಾಹ್ನದವರೆಗೂ ನಾನು ಅಲ್ಲಿಂದ ಏಳಲಿಲ್ಲ. ಊಟಕ್ಕೆ ಕರೆದರೂ ಹೋಗಲಿಲ್ಲ. ಬಿಸಿಲು ತಿರುಗಿದ ಮೇಲೆ ಮೀನು ನೆಟ್ಟಗಾಗಿ, ಒಂದು ಗೇಣು ಸರಿದು, ತೊಟ್ಟಿಯ ಗೋಡೆಗೆ ಬಾಯಿ ಕಚ್ಚಿತು.

ಮಡದಿ ಸೋರೆಕಾಯಿಯ ಒಂದು ಬಿಲ್ಲೆಯನ್ನು ಬೇಯಿಸಿ ತಂದು, ದಾರ ಕಟ್ಟಿ ನೀರಿಗಿಳಿಸಿದಳು. ಅದು ಹಿಡಿಸೀತೇ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಸಂಜೆ ದಾರ ಎಳೆದಾಗ ಬಿಲ್ಲೆಯ ತಿರುಳು ಒಂದು ಮಗ್ಗುಲಿಗೆ ಸವೆದಿತ್ತು. ನಾನು ಎದ್ದು, ಎಮ್ಮೆಗಳಿಗೆ ಕುಡಿಸಲು ಬಕೆಟ್ಟಿನಲ್ಲಿ ಬೇರೆ ನೀರು ಹಿಡಿದೆ.