ಒಂದು ಉಸಿರಿಗೆ ಒಂದು ಶೀಟ್

ಮೊನ್ನೆ ಬಿಜೈಯಲ್ಲಿ, ನಾನು ಒಬ್ಬಳೇ ಬಾಡಿಗೆಗಿರುವ ಕೋಣೆಯ ಪಕ್ಕದಲ್ಲಿ, ಹಳೆಯ ಕಟ್ಟಡದ ಛಾವಣಿಯ ಆಸ್ಬೆಸ್ಟಾಸ್ ಸಿಮೆಂಟ್ ಶೀಟುಗಳನ್ನು ಕುಯ್ದು ಇಳಿಸುತ್ತಿದ್ದರು. ಒಣ ಧೂಳಿನ ವಾಸನೆ ಒಳಗೆ ಬಂತು. ಕಿಟಕಿ ಮುಚ್ಚಿದೆ. ವಾಸನೆ ಹೋಯಿತು, ಶೀಟ್ ಮಾಮ ಹೋಗಲಿಲ್ಲ...

ನಾನು ಬೆಳೆದ ಪಡೀಲಿನಲ್ಲಿ ಅವರು ನಮ್ಮ ನೆರೆಯವರು. ಮನೆಗಳಿಗೆ ಶೀಟ್ ಹೊದಿಸುವುದು ಅವರ ಕೆಲಸ. ಮಕ್ಕಳಿಗೆಲ್ಲ ಶೀಟ್ ಮಾಮ. ಗರಗಸ ಈ ಅಂಚಿನಿಂದ ಆ ಅಂಚು ಮುಟ್ಟುವವರೆಗೆ ಉಸಿರು ಕಟ್ಟುತ್ತಿದ್ದರು. "ಉಸಿರು ತೆಗೆದರೆ ಅಲ್ವಾ ಧೂಳು ಒಳಗೆ ಹೋಗುವುದು? ನನ್ನ ಹತ್ರ ಅದರ ಆಟ ನಡೆಯುವುದಿಲ್ಲ ಮಾರಾಯ್ತಿ" ಎಂದು ಅಮ್ಮನಿಗೆ ಹೇಳುತ್ತಿದ್ದರು. ಕುಯ್ದು ಮುಗಿದೊಡನೆ ಅಂಚಿನ ಧೂಳನ್ನು ಫೂ ಎಂದು ಊದಿ, ಆ ಬಿಳಿ ಮೋಡದ ನಡುವೆಯೇ ನಿಂತು ಎದೆ ತುಂಬ ಉಸಿರು ಎಳೆದುಕೊಳ್ಳುತ್ತಿದ್ದರು. ನಾವು ಚಪ್ಪಾಳೆ ತಟ್ಟುತ್ತಿದ್ದೆವು.

ಅಮ್ಮ ಬೀಡಿ ಕಟ್ಟಿ ನನ್ನನ್ನು ಓದಿಸಿದಳು. ನಮ್ಮ ಮನೆಯಲ್ಲಿ ಡಿಗ್ರಿ ಕಂಡ ಮೊದಲನೆಯವಳು ನಾನು. ಹಾಗೆ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ತೆಗೆಯುವ ಕೆಲಸ ಸಿಕ್ಕಾಗ ಓಣಿಗೆಲ್ಲ ಸುದ್ದಿ ಮುಟ್ಟಿಸಿದ್ದು ಮಾಮ. "ನಮ್ಮ ಹುಡುಗಿ ಮನುಷ್ಯನ ಒಳಗಿನ ಫೋಟೋ ತೆಗೀತಾಳೆ!"

ವರ್ಷಗಳ ನಂತರ ಅವರೇ ಸ್ಕ್ಯಾನಿಗೆ ಬಂದರು. ಬಲ ಎದೆಯಲ್ಲಿ ನೀರು ತುಂಬಿತ್ತು; ತೆಗೆಸಿದರೂ ಮತ್ತೆ ತುಂಬುತ್ತಿತ್ತು.

"ಜೊತೆಗೆ ಯಾರು ಬಂದಿದ್ದಾರೆ ಮಾಮ?"

"ನೀನು ಇದ್ದೀಯಲ್ಲ."

ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ಯಾರೂ ಇರಲಿಲ್ಲ. "ಬರೀ ನೀರು ಅಂತ ಹೇಳು ಮಗಾ. ಮಳೆಗೆ ಮೊದಲು ತುಂಬ ಕೆಲಸ ಉಂಟು" ಎಂದರು.

ಮಲಗಿಸಿ, ಕೈ ತಲೆಯ ಮೇಲಕ್ಕಿಡಿಸಿ, ಗಾಜಿನ ಈಚೆಯಿಂದ ಮೈಕಿನಲ್ಲಿ ಹೇಳಿದೆ: "ಉಸಿರು ಎಳೆದು ಹಿಡಿಯಿರಿ." ಆಗಲಿಲ್ಲ. ಕೆಮ್ಮಿದರು, ಚಿತ್ರ ಅಲುಗಿತು. ಒಳಗೆ ಹೋಗಿ, "ಶೀಟ್ ಕುಯ್ತಾ ಇದ್ದೇನೆ ಅಂತ ಎಣಿಸಿ ಮಾಮ" ಎಂದೆ.

"ಎಷ್ಟು ಉದ್ದದ್ದು?"

"ಸಣ್ಣದು."

ನಕ್ಕರು. ಈ ಸಲ ಹಿಡಿದರು.

ಪರದೆಯ ಮೇಲೆ ನೀರೊಂದೇ ಇರಲಿಲ್ಲ. ಶ್ವಾಸಕೋಶವನ್ನು ಸುತ್ತಿದ ತೆಳುಪೊರೆ ಕಿತ್ತಳೆ ಸಿಪ್ಪೆಯ ಹಾಗೆ ದಪ್ಪವಾಗಿ, ಗಂಟುಗಂಟಾಗಿ, ಒಳಗಿನದನ್ನು ಹಿಂಡಿ ಹಿಡಿದಿತ್ತು. ಪೊರೆಯ ಕ್ಯಾನ್ಸರ್ ಇರಬಹುದು, ಚೂರು ತೆಗೆದು ಪರೀಕ್ಷಿಸಬೇಕು ಎಂದರು ಡಾಕ್ಟರ್. ಪರೀಕ್ಷೆಯೂ ಅದನ್ನೇ ಹೇಳಿತು. ಎಷ್ಟೋ ವರ್ಷ ಒಳಗೆ ಹೋದ ಶೀಟಿನ ಧೂಳಿನಿಂದ ಬಂದಿರಬೇಕು ಎಂದಾಗ ಮಾಮ ಡಾಕ್ಟರನ್ನು ಬಿಟ್ಟು ನನ್ನನ್ನು ನೋಡಿದರು.

"ನಾನು ಉಸಿರು ಕಟ್ಟುತ್ತಿದ್ದೆನಲ್ಲ ಮಗಾ?"

"ಹೌದು ಮಾಮ, ಕಟ್ಟುತ್ತಿದ್ದಿರಿ" ಎಂದೆ.

ಅವರಿಗೆ ಇನ್ನೊಂದು ಮಳೆಗಾಲ ಸಿಗಲಿಲ್ಲ.

ಮೊನ್ನೆ ಕಿಟಕಿ ಮುಚ್ಚಿದ ಮೇಲೂ ಕೂರಲಾಗದೆ ಕೆಳಗಿಳಿದು ಹೋದೆ. ಶೀಟಿಗೆ ನೀರು ಹಾಕಿ ನೆನೆಸಿ, ಮಾಸ್ಕ್ ಹಾಕಿಕೊಳ್ಳಿ, ಆ ಧೂಳು ಒಳ್ಳೆಯದಲ್ಲ ಎಂದೆ. ಗರಗಸ ಹಿಡಿದವನು ನಕ್ಕ.

"ನಾವು ಉಸಿರು ಕಟ್ಟಿಯೇ ಕುಯ್ಯುವುದು ಮೇಡಂ. ಎಂತದೂ ಆಗುವುದಿಲ್ಲ."

ಡಿಗ್ರಿ ಇರುವ ನನ್ನ ಮಾತು ಅವನಿಗೆ ನಾಟಲಿಲ್ಲ. ಮಾಮನೇ ಹೇಳಬೇಕಿತ್ತು. ಅವರಿಲ್ಲ. ಅವನು ಕುಯ್ದು ಮುಗಿಸಿ, ಧೂಳನ್ನು ಊದಿ, ಅಲ್ಲೇ ನಿಂತು ಎದೆ ತುಂಬ ಉಸಿರು ಎಳೆದುಕೊಂಡ.