ಮುಚ್ಚಿದ ಗುಂಡಿ ತೆಗೆಸಿದ ಶಿವಗಂಗಮ್ಮ

ಬೆಳಕು ಹರಿಯುವ ಮುಂಚೆಯೇ ಶಿವಗಂಗಮ್ಮ ನೀರಿನ ಟ್ಯಾಂಕಿನ ಬುಡದಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದಾರೆ. ಆ ಕಡೆ ಪೈಪ್ ಗುತ್ತಿಗೆದಾರರು, ಇನ್ನೂ ನಿದ್ದೆಗಣ್ಣಿನ ದನಿ. ಆಳುಗಳು ಹೊರಟರೇ, ಜೆಸಿಬಿ ಎಲ್ಲಿದೆ, ಶಾಲೆಯ ಮುಂದಿನ ಅಗೆತ ಮಕ್ಕಳು ಬರುವ ಮೊದಲು ಮುಗಿಯುತ್ತದೆಯೇ ಎಂದು ವಿಚಾರಿಸುತ್ತಾರೆ. ದನಿ ಏರಿಸುವುದಿಲ್ಲ, ಉತ್ತರ ಸಿಗುವ ತನಕ ಫೋನ್ ಇಡುವುದೂ ಇಲ್ಲ.

ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿ ಕಡೆಯ ಗ್ರಾಮ ಪಂಚಾಯಿತಿಯೊಂದರಲ್ಲಿ ಕುಡಿಯುವ ನೀರಿನ ಉಸ್ತುವಾರಿ ಇವರದು. ಪೈಪ್ ಹಾಕುವವರು, ಮೋಟಾರ್ ರಿಪೇರಿಯವರು, ಎಲ್ಲರೂ ಹೊರಗಿನ ಗುತ್ತಿಗೆಯವರೇ. ಅವರಿಂದ ಕೆಲಸ ತೆಗೆಸುವುದೇ ಇವರ ಕೆಲಸ. ಪಂಚಾಯಿತಿ ಕಚೇರಿಯ ಕಸ ಗುಡಿಸುವ ಕೆಲಸಕ್ಕೆ ಸೇರಿದ್ದ ಇವರು ಊರವರ ದೂರು ಕೇಳಿ ಕೇಳಿ ತಾವೇ ಗುತ್ತಿಗೆದಾರರಿಗೆ ಫೋನ್ ಮಾಡತೊಡಗಿದರು. ಕೊನೆಗೆ ಹೊಣೆಯೂ ಇವರ ಪಾಲಿಗೇ ಬಂತು.

ಹೋದ ಬೇಸಿಗೆಯಲ್ಲಿ ಮುಖ್ಯ ಪೈಪ್ ಒಡೆಯಿತು. ಸರಿಪಡಿಸಲು ಬಂದ ಗುತ್ತಿಗೆದಾರ ಹಾಲೇಶಪ್ಪನವರನ್ನು ಪಂಚಾಯಿತಿ ಸದಸ್ಯರೊಬ್ಬರು ಆಳುಗಳ ಎದುರೇ ಬೈದರು. ಹಾಲೇಶಪ್ಪ ಸಾಮಾನು ತುಂಬಿಕೊಂಡು ತಮ್ಮೂರು ಹೊನ್ನಾಳಿಗೆ ಹೊರಟುಹೋದರು. ಊರಿಗೆ ನೀರಿಲ್ಲ. ಕಚೇರಿಯಲ್ಲಿ ನೋಟಿಸ್ ಕಳಿಸುವ ಮಾತು ನಡೆದಿತ್ತು. ಶಿವಗಂಗಮ್ಮ ಬಸ್ ಹತ್ತಿ ಸೀದಾ ಅವರ ಮನೆಗೇ ಹೋದರು.

“ನಿಮಗೆ ಅವಮಾನ ಆಗೈತೆ, ಇಲ್ಲ ಅನ್ನಲ್ಲ ರೀ. ಆದ್ರೆ ಬಸುರಿ ಹೆಂಗಸ್ರು ತೋಟದಿಂದ ನೀರು ಹೊರ್ತಾ ಇದಾರೆ. ಅವ್ರೇನು ನಿಮ್ಮನ್ನ ಬೈದಿಲ್ಲ.”

ಮಧ್ಯಾಹ್ನದ ಹೊತ್ತಿಗೆ ಜೆಸಿಬಿ ಊರಿಗೆ ಬಂತು. ಬೈದ ಸದಸ್ಯರೂ ಬಂದು ತಪ್ಪಾಯಿತು ಎಂದರು. ಅವರನ್ನು ಒಪ್ಪಿಸಿ ಕರೆತಂದವರೂ ಇವರೇ.

ಆದರೆ ಆತುರದಲ್ಲಿ ಜೋಡಣೆ ಸರಿಯಾಗಿ ಕೂರಲಿಲ್ಲ. ಗುಂಡಿ ಮುಚ್ಚಿದ ಮರುದಿನ ಮಣ್ಣು ಒದ್ದೆಯಾಗಿತ್ತು. ಮತ್ತೆ ಅಗೆಯಲು ಹಾಲೇಶಪ್ಪ ಒಪ್ಪಲಿಲ್ಲ. ಕೈಮುಗಿದು ಕರೆತಂದವರನ್ನು ಮತ್ತೆ ಕಳೆದುಕೊಳ್ಳಬೇಡ ಎಂದು ಕಚೇರಿಯವರೂ ಹೇಳಿದರು. ಶಿವಗಂಗಮ್ಮನವರಿಗೂ ಆ ಅಂಜಿಕೆ ಇತ್ತು. ಆದರೆ ಪಕ್ಕದಲ್ಲೇ ಚರಂಡಿ. ಕೊಳಚೆ ಪೈಪಿಗೆ ಸೇರಿದರೆ ಗತಿಯೇನು? ಆ ಒದ್ದೆ ಮಣ್ಣಿನ ಮೇಲೆ ಕೂತುಬಿಟ್ಟರು.

“ನಿಮ್ಮನ್ನ ಕರೆಯಾಕೆ ಬಂದೋಳು ನಾನೇ. ಈ ನೀರು ಮಕ್ಕಳಿಗೆ ಕುಡಿಸಾಕೆ ಆಗಲ್ಲ ಅಂತ ಹೇಳೋಳೂ ನಾನೇ. ಸಿಟ್ಟು ಮಾಡ್ಕಳ್ರಿ, ಆದ್ರೆ ತೆಗೀರಿ.”

ಹಾಲೇಶಪ್ಪ ಗೊಣಗುತ್ತಲೇ ಅಗೆಸಿದರು. ತಾವೇ ಇಳಿದು ನೋಡಿದಾಗ ಜೋಡಣೆಯ ರಬ್ಬರ್ ಹರಿದಿತ್ತು. ಬದಲಿಸಿದರು. ಈಗ ಶಿವಗಂಗಮ್ಮ ಬಂದು ನೋಡುವ ತನಕ ಅವರು ಯಾವ ಗುಂಡಿಯನ್ನೂ ಮುಚ್ಚುವುದಿಲ್ಲ.

ಇವರ ನೌಕರಿ ಇನ್ನೂ ಕಾಯಂ ಆಗಿಲ್ಲ. ಕಾಯಂ ಆದರೆ ಒಳ್ಳೆಯದೇ ಎಂದಷ್ಟೇ ಹೇಳಿ ಮಾತು ಬದಲಿಸುತ್ತಾರೆ.

“ಹಾಲೇಶಪ್ಪಾರು ಬಿಸಿಲಾಗೆ ಕೆಲ್ಸಕ್ಕೆ ಬಂದಾಗ ಈ ನಲ್ಲಿ ನೀರೇ ಕೊಡ್ತೀನಿ. ಅನುಮಾನ ಮಾಡ್ದೆ ಕುಡೀತಾರೆ.”